ಹುಣಸೆ ನೆಡುವ ಕೈ

ಇದನ್ನು ಓದುವವರು ಸ್ವಲ್ಪ ಕಾಯಬೇಕು. ನನಗೆ ನೇರವಾಗಿ ವಿಷಯಕ್ಕೆ ಬರುವುದು ಗೊತ್ತಿಲ್ಲ. ಮಾತಾಡಿದ ಹಾಗೆ ಟೈಪ್ ಮಾಡುತ್ತಾ ಹೋಗುತ್ತೇನೆ. ಮೊದಲು ಒಂದು ಬಸ್ಸು ಬರುತ್ತದೆ, ಆಮೇಲೆ ಒಂದು ಟಿಫಿನ್ ಕ್ಯಾರಿಯರ್, ಆಮೇಲೆ ಒಂದು ಗುಡ್ಡ. ಆದರೆ ನಾನು ಹೇಳಬೇಕಾಗಿರುವುದು ಒಬ್ಬರ ಕೈಯ ಬಗ್ಗೆ. ಆ ಕೈ ಬರುವ ತನಕ ತಾಳಿ, ಬೆರಳಿನಲ್ಲಿ ಸರಿಸಿ ಮುಂದೆ ಹೋಗಬೇಡಿ.

ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಅವರ ಫೋಟೋ ಹಾಕಿ ನಾಲ್ಕು ಸಾಲು ಬರೆಯುತ್ತೇನೆ ಎಂದಾಗ, ಮರದ ಫೋಟೋ ಹಾಕು, ನನ್ನ ಗಡ್ಡದಲ್ಲಿ ಕಾಯಿ ಬಿಡುತ್ತಾ ಎಂದು ನಕ್ಕಿದ್ದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಗುಡ್ಡದ ಸೆರಗಿನಲ್ಲಿ ಹುಣಸೆ ಸಾಹೇಬರು ಎಂದರೆ ಸಾಕು, ಯಾರಾದರೂ ಒಬ್ಬರು ತಮ್ಮ ಹೊಲದ ಕಡೆ ಕೈ ತೋರಿಸುತ್ತಾರೆ.

ನಾನು ಅವರನ್ನು ಮೊದಲು ನೋಡಿದ್ದು ಮಧುಗಿರಿಯಿಂದ ಶಿರಾಕ್ಕೆ ಹೋಗುವ ಬಸ್ಸಿನಲ್ಲಿ. ನನ್ನ ಮಡಿಲಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಚೀಲ, ಅದರಲ್ಲಿ ಸತ್ತ ಹುಣಸೆ ಸಸಿ. ಆಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ, ಫೋನಿನಲ್ಲಿ ವಿಡಿಯೋ ನೋಡಿಕೊಂಡು ಕಸಿ ಕಟ್ಟುವುದನ್ನು ಕಲಿಯುತ್ತಿದ್ದೆ. ಕಲಿಯುತ್ತಿದ್ದೆ ಎನ್ನುವುದು ನನ್ನ ಮಾತು. ಕಟ್ಟಿದ ಇಪ್ಪತ್ತರಲ್ಲಿ ಇಪ್ಪತ್ತೂ ಕಪ್ಪಾಗಿದ್ದವು. ಶಿರಾದಲ್ಲಿ ಒಳ್ಳೆಯ ಕಸಿ ಟೇಪು ಸಿಗುತ್ತದೆ ಎಂದು ಕೇಳಿದ್ದೆ. ಸತ್ತ ಸಸಿಯನ್ನು ಅಂಗಡಿಯವರಿಗೆ ತೋರಿಸಿ, ತಪ್ಪು ನಿನ್ನದಲ್ಲ, ಟೇಪಿನದು ಎನ್ನಿಸಿಕೊಂಡು ಬರುವ ಆಸೆ.

ಆಚೆ ಸೀಟಿನಲ್ಲಿ ಕೂತಿದ್ದ ಒಬ್ಬರು ಬಹಳ ಹೊತ್ತು ನೋಡುತ್ತಿದ್ದರು, ನನ್ನನ್ನಲ್ಲ, ಸಸಿಯನ್ನು. ಬಿಳಿ ಗಡ್ಡ, ಹೆಗಲ ಮೇಲೆ ಒದ್ದೆ ಟವೆಲು, ಕಾಲಿನ ಬಳಿ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್. ಸುಮ್ಮನೆ ಕೈ ಚಾಚಿದರು. ಯಾಕೋ ಕೊಟ್ಟುಬಿಟ್ಟೆ. ಟೇಪನ್ನು ಉಗುರಿನಲ್ಲಿ ಬಿಡಿಸಿ, ಸೀಳಿದ ಜಾಗವನ್ನು ಮೂಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಹೊತ್ತು ಮುಳುಗಿದ್ಮೇಲೆ ಕಟ್ಟಿದೀಯ ಇದನ್ನ," ಎಂದರು. "ಹುಣಸೆ ಸಂಜೇಗೇ ಎಲೆ ಮಡಚ್ಕಂಡು ಮಲಗ್ತದೆ, ಬೇಟಿ. ಮಲಗಿರೋರ ಮೈಗೆ ಕತ್ತಿ ಹಾಕ್ಬಾರ್ದು."

ಬಿಸಿಲು ತಗ್ಗಲಿ ಎಂದು ನಾನು ಸಂಜೆಯೇ ಕಟ್ಟುತ್ತಿದ್ದೆ. ಅವರು ಹೇಳಿದ ಕಾರಣ ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ, ಆದರೆ ಎಲೆ ಮಡಚಿಕೊಂಡ ಮೇಲೆ ನಾನು ಹುಣಸೆಯನ್ನು ಮುಟ್ಟುವುದು ಬಿಟ್ಟೆ. ನಿಜವಾದ ತಪ್ಪನ್ನು ಶಿರಾ ಬರುವಷ್ಟರಲ್ಲಿ ಹೇಳಿದರು. ಬ್ಲೇಡು ಮೊಂಡು, ಕಡ್ಡಿ ತೀರಾ ಎಳೆಯದು. ಕಾಯಿ ಬಿಡುವ ಮರದಿಂದ, ಹತ್ತು ದಿನ ಮುಂಚೆಯೇ ಎಲೆ ಸವರಿಟ್ಟ ಕಡ್ಡಿ ಬೇಕು. ಇಳಿಯುವಾಗ ನಮ್ಮೂರು ಯಾವುದು ಎಂದು ಕೇಳಿದರು. ಹೇಳಿದೆ. ಅವರಿಗೆ ನಮ್ಮೂರು ಗೊತ್ತಿರಲಿಲ್ಲ, ನಮ್ಮೂರ ದಾರಿಯ ತಿರುವಿನಲ್ಲಿರುವ ಹುಣಸೆ ಮರ ಗೊತ್ತಿತ್ತು. ಆ ಮರದ ಹಣ್ಣಿನಲ್ಲಿ ನಾರು ಜಾಸ್ತಿ, ಸಾರಿಗಾಗುತ್ತದೆ, ಚಟ್ನಿಗಾಗುವುದಿಲ್ಲ ಎಂದರು.

ಅವರ ತಂದೆ, ತಾತ ಎಲ್ಲರೂ ಮರ ಗುತ್ತಿಗೆ ಹಿಡಿಯುವವರು. ಸಂಕ್ರಾಂತಿ ಕಳೆದರೆ ಊರೂರು ಸುತ್ತಿ, ಹುಣಸೆ ಮರ ಹಿಡಿದು, ಕಾಯಿ ಬಡಿದು, ಶಿರಾಕ್ಕೆ ತರುವುದು. ಹಾಗಾಗಿ ಚಿಕ್ಕಂದಿನಿಂದ ಇವರ ನಾಲಿಗೆಯ ಮೇಲೆ ನಾಲ್ಕು ತಾಲ್ಲೂಕಿನ ಹುಳಿ ಹಾದುಹೋಗಿತ್ತು. ಕಣ್ಣು ಕಟ್ಟಿ ಒಂದು ತೊಳೆ ಬಾಯಿಗಿಟ್ಟರೆ ಇದು ಹುಲಿಕುಂಟೆ ಕಡೆಯದು, ಕೆಂಪು ಮಣ್ಣಿನದು ಎನ್ನುತ್ತಿದ್ದರು. ನಾನೊಮ್ಮೆ ಪರೀಕ್ಷೆ ಮಾಡಲು ನಮ್ಮ ಅಡುಗೆಮನೆಯ ಡಬ್ಬಿಯಿಂದ ಕೊಟ್ಟೆ. ಎಡಗಣ್ಣು ಮುಚ್ಚಿ ಚಪ್ಪರಿಸಿ, "ಇದು ಅಂಗಡೀದು, ನಾಕು ಮರದ್ದು ಕಲಸವ್ರೆ, ಒಂದಕ್ಕೊಂದು ಜಗಳ ಆಡ್ತಾವೆ" ಎಂದರು.

ಬಸ್ಸಿನಲ್ಲಿ ಸಿಕ್ಕ ಒಂದು ವಾರಕ್ಕೆ ನಮ್ಮ ಮನೆಯ ಮುಂದೆ ಬಂದು ನಿಂತರು. ಮಧ್ಯಾಹ್ನದ ಹೊತ್ತು. ಕೈಯಲ್ಲಿ ಕ್ಯಾರಿಯರ್ ನೋಡಿ ಅಮ್ಮ, ಪಾಪ ಬುತ್ತಿ ಕಟ್ಟಿಕೊಂಡು ಬಂದಿದ್ದಾರೆ ಎಂದುಕೊಂಡು, ಜಗಲಿಯ ಮೇಲೆ ನೀರಿಟ್ಟು, ನಂಚಿಕೊಳ್ಳಲು ಉಪ್ಪಿನಕಾಯಿಯನ್ನೂ ಇಟ್ಟಳು. ಅವರು ಡಬ್ಬಿ ಬಿಚ್ಚಿದರೆ ಮೂರರಲ್ಲೂ ಒದ್ದೆ ಬಟ್ಟೆ, ಬಟ್ಟೆಯೊಳಗೆ ಕಡ್ಡಿಗಳು. ಮೇಲಿನದರಲ್ಲಿ ಪಾವಗಡದ ಮರ, ನಡುವೆ ಪಟ್ಟನಾಯಕನಹಳ್ಳಿ ಹತ್ತಿರದ್ದು, ಕೆಳಗೆ ಕೊರಟಗೆರೆಯ ಒಂದು ಕೆಂಪು ತಿರುಳಿನ ಹುಣಸೆ. ಅಮ್ಮ ಉಪ್ಪಿನಕಾಯಿ ಬಟ್ಟಲನ್ನು ನೋಡಿದಳು, ಕಡ್ಡಿ ನೋಡಿದಳು, ಒಳಗೆ ಹೋಗಿ ಒಂದು ಮುದ್ದೆ ಸಾರು ತಂದಿಟ್ಟಳು. ಅವತ್ತಿನಿಂದ ಅವರು ಅಮ್ಮನಿಗೆ ಅಣ್ಣ.

ಈಗ ಗುಡ್ಡಕ್ಕೆ ಬರುತ್ತೇನೆ. ಮಧುಗಿರಿಗೂ ಕೊರಟಗೆರೆಗೂ ನಡುವೆ, ರಸ್ತೆಯಿಂದ ಒಳಗೆ, ಬಂಡೆಗಳು ಒಂದರ ಹೆಗಲ ಮೇಲೊಂದು ಕೂತಿರುವ ಒಂದು ಗುಡ್ಡ. ಅದರ ಬುಡದಲ್ಲಿ ಇಳಿಜಾರಾಗಿ ಮಲಗಿರುವ ಎರಡು ಎಕರೆ ಅಮ್ಮನದು. ಅವಳಿಗೆ ತವರಿನಿಂದ ಬಂದದ್ದು. ಅಪ್ಪನಿಗೆ ಮಧುಗಿರಿಯಲ್ಲಿ ಗಿರಣಿ ಕೆಲಸ, ಹೊಲದ ವಿಷಯಕ್ಕೆ ತಲೆ ಹಾಕುವವರಲ್ಲ. ಅಮ್ಮನ ಅಪ್ಪನ ಕಾಲಕ್ಕೆ ಅಲ್ಲಿ ರಾಗಿ, ರಾಗಿಯ ನಡುವೆ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ, ಹುಚ್ಚೆಳ್ಳು ಬೆಳೆಯುತ್ತಿದ್ದರಂತೆ. ಆಮೇಲೆ ಕಡಲೆಕಾಯಿ ಬಂತು. ವರ್ಷ ವರ್ಷ ಅದೊಂದೇ. ಇಳಿಜಾರಿನ ನೆಲ ಉತ್ತು ಉತ್ತು ಸಡಿಲವಾಗಿ, ಪ್ರತಿ ಮಳೆಗೂ ಒಂದು ಪದರ ಕೆಳಗಿನವರ ಹೊಲಕ್ಕೆ ಇಳಿದು ಹೋಗುತ್ತಿತ್ತು. ಕೊರಟಗೆರೆ ಕಡೆಯವರು ಬೋರು ಕೊರೆಸಿ ಅಡಿಕೆ ಹಾಕಿದ್ದರು. ಮಧುಗಿರಿ ಕಡೆ ದಾಳಿಂಬೆ, ಹಣ್ಣಿಗೊಂದೊಂದು ಚೀಲ ತೊಡಿಸಿ. ಪಾವಗಡದ ಕಡೆ ಬಿಸಿಲು ಹಿಡಿಯುವ ಗಾಜಿನ ಹಲಗೆಗಳು, ನೋಡಿದಷ್ಟು ದೂರ, ನಡುಮಧ್ಯಾಹ್ನ ಕೆರೆ ತುಂಬಿದ ಹಾಗೆ ಕಾಣುತ್ತವೆ. ನಮಗೆ ಬೋರೂ ಇಲ್ಲ, ಅಷ್ಟು ಸಮತಟ್ಟು ನೆಲವೂ ಇಲ್ಲ. ನೀರು ಕೇಳದ, ಮಣ್ಣು ಬಿಡದ ಒಂದು ಮರ ಬೇಕಿತ್ತು. ಕಸಿ ಹುಣಸೆ ನಾಲ್ಕೈದು ವರ್ಷಕ್ಕೇ ಕಾಯಿ ಬಿಡುತ್ತದೆ ಎಂದು ನಾನು ಓದಿದ್ದೆ.

ಆದರೆ ನಮ್ಮ ಕಡೆ ಹುಣಸೆಯನ್ನು ಯಾರೂ ನೆಡುವುದಿಲ್ಲ. ಅದು ಇರುತ್ತದೆ, ಅಷ್ಟೆ. ರಸ್ತೆ ಬದಿಯದು ಯಾವ ಕಾಲದ್ದೋ, ಬದುವಿನದು ಮಂಗ ಉಗುಳಿದ್ದು, ತೋಪಿನದು ಯಾರೋ ಪುಣ್ಯಾತ್ಮರದು. ಕೈಯಾರೆ ನೆಟ್ಟವರು ಅದರ ಮೊದಲ ಕಾಯಿ ತಿನ್ನುವುದಿಲ್ಲ, ಕಾಯಿ ಬಿಟ್ಟ ವರ್ಷ ನೆಟ್ಟವರನ್ನು ಕರೆದುಕೊಂಡು ಹೋಗುತ್ತದೆ ಎಂಬ ಮಾತಿದೆ. ನಿಧಾನಕ್ಕೆ ಬೆಳೆಯುವ ಮರ, ನೆಟ್ಟವರು ಮುದುಕರಾಗಿ ಹೋಗುತ್ತಿದ್ದರು, ಅದಕ್ಕೆ ಹಾಗೆ ಹೇಳಿರಬೇಕು ಎಂದು ನಾನು ಅಮ್ಮನಿಗೆ ಬಿಡಿಸಿ ಹೇಳಿದೆ. ಅಮ್ಮ ಕೇಳಿಸಿಕೊಂಡಳು. ಆಮೇಲೆ, ಅಂದರೆ ಕಸಿ ಗಿಡ ನೆಟ್ಟವರು ನಾಲ್ಕೇ ವರ್ಷಕ್ಕೆ ಹೋಗುತ್ತಾರೆ ಎಂದ ಹಾಗಾಯಿತು ಎಂದಳು. 

ಅವಳು ಸಾಹೇಬರಿಗೂ ಅದನ್ನೇ ಹೇಳಿದಳು, ಮುಚ್ಚುಮರೆಯಿಲ್ಲದೆ. ಹೊಲ ನನ್ನದು, ಮಗಳೂ ನನ್ನವಳು, ಅವಳ ಕೈಯಲ್ಲಿ ಹುಣಸೆ ನೆಡಿಸುವುದಿಲ್ಲ, ಬೇಕಾದರೆ ಹೊಲ ಬೀಳು ಬೀಳಲಿ.

ಸಾಹೇಬರು ಮುದ್ದೆಯ ಕೊನೆಯ ತುತ್ತು ನುಂಗಿ, ಕೈ ತೊಳೆದು, ಆ ಒದ್ದೆ ಕೈಯನ್ನು ಅಮ್ಮನ ಮುಂದೆ ಹಿಡಿದರು. ನಾನು ಹೇಳುತ್ತೇನೆ ಎಂದ ಕೈ ಇದೇ. ದೊಡ್ಡದೇನಲ್ಲ. ಹೆಬ್ಬೆರಳಿನ ಪಕ್ಕದಲ್ಲಿ ಚಾಕು ಹಿಡಿದು ಹಿಡಿದು ಮೂಡಿದ ಒಂದು ಗಂಟು, ಉಗುರುಗಳು ಹುಣಸೆಯ ಬಣ್ಣ.

"ಮಗಳ ಕೈ ಬ್ಯಾಡ ತಂಗ್ಯಮ್ಮ," ಎಂದರು. "ಇದು ಐತಲ್ಲ."

ಆಗ ಗೊತ್ತಾಯಿತು, ಅವರು ಹೋದಲ್ಲೆಲ್ಲ ಇದನ್ನೇ ಮಾಡುತ್ತಿದ್ದರು ಎಂದು. ಕಸಿ ಕಟ್ಟಿಕೊಡುವುದಷ್ಟೇ ಅಲ್ಲ, ಪ್ರತಿ ಹೊಲದಲ್ಲೂ ಪ್ರತಿ ಗಿಡವನ್ನೂ ತಾವೇ ಗುಂಡಿಗಿಳಿಸಿ, ಮಣ್ಣೆಳೆದು, ಅಂಗೈಯಲ್ಲಿ ಒತ್ತುವುದು. ಮನೆಯವರು ನೀರು ಹಾಕಬಹುದು, ಗೊಬ್ಬರ ಕೊಡಬಹುದು, ನೆಡುವುದು ಮಾತ್ರ ಅವರು. ಹಾಗೆಂದ ಮೇಲೇ ಜನ ಒಪ್ಪುತ್ತಿದ್ದದ್ದು. ನಾಗಲಮಡಿಕೆ ಹತ್ತಿರದ ಒಬ್ಬ ರೈತರು ಸಾಹೇಬರು ಬರುವುದು ತಡವಾಯಿತೆಂದು, ಸಸಿಯನ್ನು ಗುಂಡಿಯಲ್ಲಿ ಅಡ್ಡ ಮಲಗಿಸಿ, ಕಾಲುವೆ ತಿರುಗಿಸಿ, ನೀರು ಮಣ್ಣು ತಳ್ಳಿ ಅದನ್ನು ಎಬ್ಬಿಸಲಿ ಎಂದು ಬದುವಿನ ಮೇಲೆ ಕೂತಿದ್ದರಂತೆ. ಕೇಳಿದರೆ ತೆಲುಗಿನಲ್ಲಿ "ನೇನು ನಾಟಲೇದು ಸಾಹೇಬ್, ನೀಳ್ಳು ನಾಟಾಯಿ" ಎಂದರಂತೆ. ನಾನು ನೆಡಲಿಲ್ಲ, ನೀರು ನೆಟ್ಟಿತು. ಗಿಡ ಸೊಟ್ಟಗೆ ಬೆಳೆದು ಈಗಲೂ ಬದುವಿನ ಕಡೆಗೇ ಬಾಗಿ ನೋಡುತ್ತದೆಯಂತೆ.

ಆ ಮಳೆಗಾಲದಲ್ಲಿ ನಮ್ಮ ಹೊಲದಲ್ಲಿ ನಲವತ್ತು ಗಿಡ ನೆಟ್ಟರು. ಪ್ರತಿ ಗಿಡಕ್ಕೂ ಮೊದಲು ಬಿಸ್ಮಿಲ್ಲಾ ಎನ್ನುತ್ತಿದ್ದರು, ಆಮೇಲೆ ಅಮ್ಮನ ಕಡೆ ತಿರುಗಿ, ನಿಮ್ಮ ಮನೆದೇವರನ್ನೂ ಕರೆಯಿರಿ, ಒಬ್ಬರಿಗೆ ಬಿಡುವಿಲ್ಲದಿದ್ದರೆ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದರು. ಜಿನುಗು ಮಳೆ. ಗುಡ್ಡದ ತಲೆ ಮೋಡದಲ್ಲಿ ಹೋಗಿತ್ತು, ಬುಡ ಮಾತ್ರ ಉಳಿದಿತ್ತು. ಇಳಿಜಾರಿನಲ್ಲಿ ಅವರು ಗುಂಡಿಯಿಂದ ಗುಂಡಿಗೆ ಮೊಣಕಾಲೂರಿಕೊಂಡು ಹೋಗುತ್ತಿದ್ದರೆ, ದೂರದಿಂದ ಯಾರೋ ಬೆಟ್ಟಕ್ಕೆ ಹೊಲಿಗೆ ಹಾಕುತ್ತಿದ್ದಾರೆ ಎನಿಸುತ್ತಿತ್ತು. ಹೆದರಿಕೆ ಇಲ್ಲವೇ ಎಂದು ಕೇಳಿದೆ. "ನಿಮ್ ಯಮಧರ್ಮ್ರಾಯ, ನಮ್ ಫರಿಷ್ತಾ, ಇಬ್ರೂ ಕೂತ್ಕಂಡು ಎಣಿಸ್ಲಿ ಬುಡು, ಯಾವ್ ಗಿಡ ಯಾವ್ ವರ್ಷದ್ದು ಅಂತ. ಎಣ್ಸೋದ್ರೊಳಗೆ ನಾನು ಇನ್ನೂ ನೂರು ನೆಟ್ಟಿರ್ತೀನಿ," ಎಂದರು. ಅಮ್ಮ ನಗಲಿಲ್ಲ. ಆದರೆ ಅವತ್ತು ಅವಳ ಮುಖ ಹಗುರವಾಗಿತ್ತು, ನನಗೆ ಚೆನ್ನಾಗಿ ನೆನಪಿದೆ. ಮಗಳು ಉಳಿದಳು ಎಂಬ ಹಗುರ ಅದು.

ಸಾಲುಗಳ ನಡುವೆ ಮತ್ತೆ ಕಡಲೆಕಾಯಿಯನ್ನೇ ಹಾಕಬೇಡಿ, ನೆರಳು ಬರುವ ತನಕ ನಿಮ್ಮ ತಾತನ ಕಾಲದ ಹಾಗೆ ರಾಗಿ, ಅವರೆ, ತೊಗರಿ ಕಲೆಸಿ ಬಿತ್ತಿ ಎಂದು ಅವರೇ ಹೇಳಿದ್ದು. ಇಳಿಜಾರಿಗೆ ಅಡ್ಡವಾಗಿ ಉಳುವುದನ್ನೂ, ಪ್ರತಿ ಗಿಡದ ಕೆಳಗಡೆ ಅರ್ಧಚಂದ್ರದ ಹಾಗೆ ಕಲ್ಲು ಜೋಡಿಸುವುದನ್ನೂ ತೋರಿಸಿದರು. ಮೊದಲ ವರ್ಷವೇ ಆ ಕಲ್ಲುಗಳ ಹಿಂದೆ ಮಣ್ಣು ಬಂದು ಕೂತಿತು. ಅಮ್ಮ ಅದನ್ನು ಕೈಯಲ್ಲಿ ಎತ್ತಿ ನೋಡಿದಳು, ನಮ್ಮದೇ ಮಣ್ಣು ನಮ್ಮಲ್ಲೇ ನಿಂತಿದ್ದನ್ನು ಮೊದಲ ಸಲ ನೋಡುವವಳ ಹಾಗೆ. ಅವರೆಕಾಯಿ ಬಂದಾಗ ಒಂದು ಚೀಲ ಸೊಗಡಿನ ಕಾಯಿ ಸಾಹೇಬರ ಮನೆಗೆ ಹೋಯಿತು.

ನನ್ನ ಒಂದು ತಪ್ಪನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಎರಡನೆಯ ವರ್ಷ ಒಂದು ಸಾಲಿನ ಗಿಡಗಳು ಧಗಧಗ ಚಿಗುರಿದವು, ಮೊಳಕಾಲುದ್ದ, ಕೆಂಪು ಎಲೆ. ನಾನು ಖುಷಿಯಲ್ಲಿ, ಪಕ್ಕದಲ್ಲಿ ಸೊರಗಿ ನಿಂತಿದ್ದ ಕಡ್ಡಿಗಳನ್ನು ಕತ್ತರಿಸಿ, ಈ ಚಿಗುರುಗಳಿಗೆ ಊರುಗೋಲು ಕಟ್ಟಿ, ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಸಾಹೇಬರು ಬಂದು ನೋಡಿ ಬಹಳ ಹೊತ್ತು ಗಡ್ಡ ಸವರಿಕೊಂಡರು. ಚಿಗುರು ಬಂದದ್ದು ಕಸಿಯ ಗಂಟಿನ ಕೆಳಗಿನಿಂದ. ಅದು ಬೀಜದ ಕಾಡು ಗಿಡದ್ದು. ನಾನು ಕತ್ತರಿಸಿದ್ದೇ ಕೊರಟಗೆರೆಯ ಕೆಂಪು ಹುಣಸೆ. ಬೈಯಲಿಲ್ಲ. "ಚೆನ್ನಾಗಿ ಸಾಕಿದೀಯ ಬೇಟಿ, ಬ್ಯಾರೇರ್ ಮಗೀನ," ಎಂದರು. ಆಮೇಲೆ ಕ್ಯಾರಿಯರ್ ಬಿಚ್ಚಿ ಕೂತು, ನಾನು ಸಾಕಿದ ಆ ಕಾಡು ಚಿಗುರುಗಳ ಮೇಲೇ ಮತ್ತೆ ಕಸಿ ಕಟ್ಟಿಸಿದರು, ನನ್ನ ಕೈಯಲ್ಲೇ. ಒಂಬತ್ತು ಗಿಡ ಹೋದವು, ಮೂವತ್ತೊಂದು ನಿಂತವು.

ಅವರ ವಿಷಯದಲ್ಲಿ ನನಗೆ ತುಂಬ ಇಷ್ಟವಾದದ್ದು ಅವರು ನೆರಳಿನಲ್ಲಿ ಕೂರುತ್ತಿದ್ದ ರೀತಿ. ಗಿಡ ಇನ್ನೂ ಮೊಣಕಾಲೆತ್ತರ. ಬೇಸಿಗೆಯ ಮಧ್ಯಾಹ್ನ, ಬಂಡೆಗಳು ಕಾದು, ಎದುರಿನ ಗುಡ್ಡ ನೆಲ ಬಿಟ್ಟು ಒಂದು ಗೇಣು ಮೇಲೆ ತೇಲುತ್ತಿದೆಯೇನೋ ಎನ್ನುವಂಥ ಹೊತ್ತು. ಅವರು ಒಂದು ಗಿಡದ ಪಕ್ಕ, ಮೂರು ಮಾರು ದೂರದಲ್ಲಿ, ಬಯಲಿನಲ್ಲಿ ಟವೆಲು ಹಾಸಿಕೊಂಡು ಕೂರುತ್ತಿದ್ದರು. ಅಲ್ಲಿ ಯಾಕೆ, ಬದುವಿನ ಬೇವಿನ ಕೆಳಗೆ ಬನ್ನಿ ಎಂದರೆ, ಇಲ್ಲೇ ನೆರಳಿದೆ, ಇನ್ನು ಹದಿನೈದು ವರ್ಷಕ್ಕೆ ಈ ಹೊತ್ತಿನ ನೆರಳು ಸರಿಯಾಗಿ ಇಲ್ಲಿಗೆ ಬೀಳುತ್ತದೆ ಎನ್ನುತ್ತಿದ್ದರು. ಹೊತ್ತು ತಿರುಗಿದ ಹಾಗೆ ಟವೆಲನ್ನೂ ಸರಿಸಿಕೊಳ್ಳುತ್ತಿದ್ದರು. ಮಾತಾಡುತ್ತಿದ್ದದ್ದೂ ಹಾಗೆಯೇ, ಎಲ್ಲವೂ ಆಗಲೇ ಆಗಿರುವಂತೆ. ಆ ಕೊಂಬೆಯಲ್ಲಿ ಗಿಳಿಗಳ ಗಲಾಟೆ ಜಾಸ್ತಿ, ಈ ಕಡೆ ಕುರಿ ಮಲಗುತ್ತವೆ, ಕಾಯಿ ಬಡಿಯುವವರು ಅಲ್ಲಿ ಗಡಿಗೆ ಇಡುತ್ತಾರೆ. ಪಾವಗಡದಲ್ಲಿ ಅವರು ಬಿಸಿಲು ಬೆಳೆಯಲಿ, ನಾವು ಇಲ್ಲಿ ನೆರಳು ಬೆಳೆಯೋಣ. ಕೇಳುತ್ತಾ ಕೇಳುತ್ತಾ ನನಗೆ ತಂಪಾಗುತ್ತಿತ್ತು, ಸುಳ್ಳಲ್ಲ. ಅಮ್ಮ ಮೊದಮೊದಲು ಇವರಿಗೆ ಬಿಸಿಲು ತಲೆಗೇರಿದೆ ಎನ್ನುತ್ತಿದ್ದಳು. ಒಂದು ದಿನ ನೋಡಿದರೆ, ನೀರಿನ ಬಿಂದಿಗೆ ಕಾಯಬಾರದು ಎಂದು ತಂದು, ಇಲ್ಲದ ಆ ನೆರಳಿನೊಳಗೇ ಇಟ್ಟಿದ್ದಳು.

ಈ ವರ್ಷ, ನಾಲ್ಕು ಮಳೆಗಾಲ ಕಳೆದು, ಗಿಡಗಳು ಮೊದಲ ಸಲ ಕಾಯಿ ಬಿಟ್ಟವು. ಎಲ್ಲವೂ ಅಲ್ಲ, ಆರೇಳು. ಸಂಕ್ರಾಂತಿ ಕಳೆದು ಸಿಪ್ಪೆ ಕಂದಾಗಿ ಒಳಗೆ ಸಡಿಲವಾಗುತ್ತಾ ಬಂತು. ಅಲ್ಲಾಡಿಸಿದರೆ ಸಣ್ಣ ಸದ್ದು. ಮೊದಲ ಹಣ್ಣು ಸಾಹೇಬರೇ ತಿಂದು ಹೇಳಲಿ ಎಂದು ಯಾರೂ ಮುಟ್ಟಿರಲಿಲ್ಲ. ಭಾನುವಾರ ಬರುತ್ತೇನೆ ಎಂದಿದ್ದರು. ಗುರುವಾರ ಅವರ ಮನೆಯಿಂದ ಫೋನು ಬಂತು. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಕೆಳಗಿನ ಹೊಲದ ಅಜ್ಜಿಯೊಬ್ಬರು ಅವತ್ತೇ ನಮ್ಮ ಜಗಲಿಗೆ ಬಂದು ಕೂತರು. ಕೆಟ್ಟವರಲ್ಲ, ಮನಸ್ಸಿಗೆ ಬಂದದ್ದು ಬಾಯಿಗೆ ಬರುತ್ತದೆ. "ಕಾಯಿ ಬಿಡ್ತು, ಸಾಬ್ರು ಹೋದ್ರು. ನಿನ್ ಮಗ್ಳ ಆಯಸ್ಸು ಗಟ್ಟಿ ಕಣಮ್ಮ," ಎಂದರು. ಅಮ್ಮನ ಮುಖ ನೋಡಲಾಗಲಿಲ್ಲ.

ಅವತ್ತಿನಿಂದ ಅಮ್ಮ ಗುಡ್ಡದ ಕಡೆ ಹೋಗಲಿಲ್ಲ. ನಾನು ಅವರ ವಯಸ್ಸು ಹೇಳಿದೆ, ಮೊದಲೇ ಇದ್ದ ಎದೆನೋವು ಹೇಳಿದೆ, ಅವರು ನೆಟ್ಟ ಮರಗಳು ಬೇರೆ ಊರುಗಳಲ್ಲಿ ಎಷ್ಟೋ ವರ್ಷದಿಂದ ಕಾಯಿ ಬಿಡುತ್ತಿವೆಯಲ್ಲ ಎಂದೆ. ಎಲ್ಲಕ್ಕೂ ಹೂಂ ಎಂದಳು. ಒಂದು ವಾರದ ಮೇಲೆ, ಜೆಸಿಬಿಯವರಿಗೆ ಹೇಳಿ ಗಿಡಗಳನ್ನು ಕೀಳಿಸು ಎಂದಳು. ನಾನು ಕೂಗಾಡಿದೆ. ಅವಳು ತಗ್ಗಿದ ದನಿಯಲ್ಲಿ, "ನಿನ್ನ ಉಳಿಸ್ಕಣಾಕೆ ಆ ಅಣ್ಣನ್ನ ಮುಂದಕ್ಕೆ ತಳ್ಬುಟ್ಟೆ ಕಣೇ ನಾನು. ಅದರ ಹಣ್ಣು ನಾನೆಂಗೆ ತಿನ್ಲಿ? ಮಾರಿ ಬಂದ್ರಲ್ಲಿ ಸೀರೆ ಉಡ್ಲಾ?" ಎಂದಳು. ನನ್ನ ವಿಡಿಯೋಗಳಲ್ಲಿ, ಓದಿದ್ದರಲ್ಲಿ, ಎಲ್ಲೂ ಇದಕ್ಕೆ ಮದ್ದಿರಲಿಲ್ಲ. ಒಂದು ಕೆಲಸ ಮಾಡೋಣ, ಮೊದಲು ಅವರ ಮನೆಗೆ ಹೋಗಿ ಬರೋಣ, ಆಮೇಲೆ ನಾನೇ ಜೆಸಿಬಿ ಕರೆಸುತ್ತೇನೆ ಎಂದೆ. ಒಪ್ಪಿದಳು. ಹೊರಡುವ ಮುಂಚೆ ಒಬ್ಬಳೇ ಹೊಲಕ್ಕೆ ಹೋಗಿ, ಒಂದು ಬಟ್ಟೆಯಲ್ಲಿ ಹಣ್ಣು ಕಟ್ಟಿಕೊಂಡು ಬಂದಳು. ಯಾಕೆಂದು ನಾನು ಕೇಳಲಿಲ್ಲ.

ಶಿರಾದ ಓಣಿಯಲ್ಲಿ ಹಸಿರು ಪರದೆಯ ಬಾಗಿಲು. ಸಾಹೇಬರ ಹೆಂಡತಿ ಗಂಡ ಹೋದ ಮೇಲಿನ ನಾಲ್ಕು ತಿಂಗಳ ಇದ್ದತ್ತಿನಲ್ಲಿದ್ದರು, ಹೊರಗೆ ಬರುವ ಹಾಗಿಲ್ಲ; ನಾವು ಹೆಂಗಸರಾದ್ದರಿಂದ ಒಳಗೆ ಕರೆದರು. ಸಣ್ಣ ಆಳು, ಕನ್ನಡಕ, ಬಿಳಿ ದುಪಟ್ಟಾ. ಅಮ್ಮ ಕೂರಲಿಲ್ಲ. ಬಟ್ಟೆಯ ಗಂಟನ್ನು ಅವರ ಮುಂದೆ ಇಟ್ಟು, ನಿಂತಲ್ಲೇ ಹೇಳಿಬಿಟ್ಟಳು. ನನ್ನ ಮಗಳು ನೆಡಬೇಕಿದ್ದದ್ದು. ನಾನು ಬೇಡ ಎಂದೆ. ನಿಮ್ಮ ಯಜಮಾನರು ನೆಟ್ಟರು. ಕಾಯಿ ಬಿಟ್ಟಿತು. ಇದು ನಿಮ್ಮದು, ನನ್ನದಲ್ಲ.

ಅವರು ಕನ್ನಡಕ ತೆಗೆದಿಟ್ಟರು. ಆಮೇಲೆ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿಕೊಂಡರು.

"ಹೆದರ್ತಿದ್ರಮ್ಮ ಅವ್ರು," ಎಂದರು.

ನನಗೆ ಅರ್ಥವಾಗಲಿಲ್ಲ. ಯಾರು?

ಸಾಹೇಬರು ಮೊದಲಿನಿಂದಲೂ ಹೆದರುತ್ತಿದ್ದರಂತೆ. ಮೌತು, ಅಂದರೆ ಸಾವು, ಮರದಿಂದ ಬರುವುದಿಲ್ಲ, ಬರೆದದ್ದು ಬರುತ್ತದೆ ಎಂದು ಬಾಯಲ್ಲಿ ಹೇಳುವುದು. ಆದರೆ ನೆಟ್ಟು ಬಂದ ದಿನ ಬಾಗಿಲಲ್ಲೇ ಕೈಕಾಲು ತೊಳೆದು, ಒಂದು ಹಿಡಿ ಅಕ್ಕಿ ಸದಕಾ ಎಂದು ತೆಗೆದಿಟ್ಟು, ಬಡವರ ಮನೆಗೆ ಕಳಿಸಿದ ಮೇಲೇ ಊಟ. ನಮ್ಮ ಹೊಲದಿಂದ ಹೋದ ದಿನವೂ ಹಾಗೇ. ಮನೆಯ ಹಿತ್ತಲಲ್ಲಿ ಒಂದು ಗಿಡ ಹಾಕುತ್ತೇನೆ ಎಂದು ಸಾಹೇಬರು ಹೇಳಿದಾಗ ತಾವೇ ಬಿಡಲಿಲ್ಲವಂತೆ, ನನಗೂ ಹೆದರಿಕೆಯೇ ಎಂದು ಅವರು ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆ ನಗುವಿನ ಅರ್ಧದಲ್ಲಿ ಕಣ್ಣು ತುಂಬಿದವು.

"ಇಷ್ಟು ಹೆದ್ರಿಕೆ ಇದ್ರೆ ಯಾಕ್ ಹೋಗ್ತೀರಿ ಅಂದೆ ಒಂದಿನ. 'ಅವ್ರೂ ಹೆದರ್ತಾರೆ, ನಾನೂ ಹೆದರ್ತೀನಿ. ಎಲ್ರೂ ಹೆದರ್ಕಂಡು ಕೂತ್ರೆ ಗುಡ್ಡ ಬೋಳಾಗೇ ಇರ್ತದೆ. ಒಬ್ಬ ಹೆದರ್ಕಂಡೇ ಹೋಗ್ಬೇಕು' ಅಂದ್ರು."

ಅಮ್ಮ ತಲೆಯೆತ್ತಿದಳು. ಅವಳು ಇಷ್ಟು ದಿನ ಅವರನ್ನು ಹೆದರಿಕೆಯೇ ಇಲ್ಲದ ಮನುಷ್ಯ, ಈ ಮಾತಿನಲ್ಲಿ ನಂಬಿಕೆ ಇಲ್ಲದವರಿಗೆ ಇದೇನು ದೊಡ್ಡದು ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದಳೋ ಏನೋ. ನಾನಂತೂ ಹಾಗೆಯೇ ಅಂದುಕೊಂಡಿದ್ದೆ.

ಆಮೇಲೆ ಆ ತಾಯಿ ಗಂಟು ಬಿಚ್ಚಿದರು. ಹುಳಿ ಹೇಗಿದೆ ಎಂದು ಕೇಳಿದರು. ತಿಂದಿಲ್ಲ ಎಂದಳು ಅಮ್ಮ. ತಿನ್ನದೇ ತಂದಿರಾ ಎಂದು ಸ್ವಲ್ಪ ಗದರಿದರು. ಒಂದು ಕಾಯಿಯ ಸಿಪ್ಪೆ ಬೆರಳಿನಲ್ಲಿ ಮುರಿದು, ನಾರು ಎಳೆದು, ಅರ್ಧ ತಾವು ಬಾಯಿಗಿಟ್ಟು ಅರ್ಧ ಅಮ್ಮನ ಅಂಗೈಗೆ ಇಟ್ಟರು. ತಿರುಳು ಕೆಂಪಗಿತ್ತು. ಅಮ್ಮ ಬಹಳ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡಿದ್ದಳು. ಓಣಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಸೊಪ್ಪು ಕೂಗಿಕೊಂಡು ಹೋದರು, ಪರದೆ ಗಾಳಿಗೆ ಉಬ್ಬಿ ಮತ್ತೆ ಬಾಗಿಲಿಗೆ ಅಂಟಿತು. ಆಮೇಲೆ ಅವಳು ತಿಂದಳು. ಇಬ್ಬರೂ ಕಣ್ಣು ಕಿರಿದು ಮಾಡಿಕೊಂಡು ಒಬ್ಬರನ್ನೊಬ್ಬರು ನೋಡಿದರು. ಅಳುವೋ ಹುಳಿಯೋ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಇದು ಬದನೆಕಾಯಿಗೆ ಹೊಂದುತ್ತದೋ ಸಾರಿಗೋ ಎಂದು ಮಾತು ಶುರುವಾಯಿತು. ನಾನು ಪರದೆಯ ಹತ್ತಿರ ಕೂತು ಕೇಳುತ್ತಿದ್ದೆ.

ಜೆಸಿಬಿಯ ಮಾತು ಬಸ್ಸಿನಲ್ಲಿ ಬರಲಿಲ್ಲ, ಮನೆಯಲ್ಲೂ ಬರಲಿಲ್ಲ. ಮಾರನೆಯ ದಿನದಿಂದ ಅಮ್ಮ ಮತ್ತೆ ಗುಡ್ಡದ ಕಡೆ ಹೋದಳು. ಆದರೆ ಅವಳು ಏನು ತೀರ್ಮಾನ ಮಾಡಿದ್ದಾಳೆ ಎಂದು ನನಗೆ ಗೊತ್ತಾದದ್ದು ಮೊನ್ನೆ, ಮುಂಗಾರು ಶುರುವಾದಾಗ.

ನಾನು ಜಗಲಿಯಲ್ಲಿ ಕಸಿ ಕಟ್ಟುತ್ತಿದ್ದೆ, ಕೈಯಲ್ಲಿ ಟೇಪು. ಫೋನು ಬಂದಾಗ ಸ್ಪೀಕರಿಗೆ ಹಾಕಿದೆ. ಕೊರಟಗೆರೆ ಕಡೆಯ ರೈತರೊಬ್ಬರು. ಅಡಿಕೆಗೆ ನೀರು ಸಾಲುತ್ತಿಲ್ಲ, ಮೇಲಿನ ತೆವರಿಗೆ, ಆ ಎತ್ತರದ ಒಣ ನೆಲಕ್ಕೆ, ಹುಣಸೆ ಹಾಕಬೇಕು ಎಂದಿದ್ದೇನೆ, ಸಾಹೇಬರು ನಿಮ್ಮ ಹೆಸರು ಹೇಳಿದ್ದರು ಎಂದರು. ಎಂಟು ಗಿಡ ಸಿದ್ಧವಿದೆ ಎಂದೆ. ಆಮೇಲೆ ಅವರು ಸ್ವಲ್ಪ ತಡವರಿಸಿ ಕೇಳಿದರು.

"ಅಲ್ಲಮ್ಮ, ಅವ್ರಾದ್ರೆ ಅವ್ರೇ ನೆಟ್ಕೊಡ್ತಿದ್ರಂತೆ. ನೀವೂ ನೆಟ್ಕೊಡ್ತೀರೇನು?"

ಟೇಪು ಕೆಳಗಿಟ್ಟೆ. ಹೂಂ ಎಂದರೆ ಅಮ್ಮ ಇಲ್ಲೇ ಕೂತಿದ್ದಾಳೆ, ಮೊರದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ. ಊಹೂಂ ಎಂದರೆ ಆ ತೆವರು ಹಾಗೇ ಉಳಿಯುತ್ತದೆ. ಹಲೋ, ಹಲೋ ಎಂದರು ಅವರು.

ಅಮ್ಮ ತಲೆ ಎತ್ತಲಿಲ್ಲ. ಬೀಜ ಬಿಡಿಸುತ್ತಲೇ, "ನೆಡಾಕೆ ನಮ್ಮಮ್ಮ ಬತ್ತಾಳೆ ಅನ್ನು," ಎಂದಳು.

ಮರುದಿನ ಬೆಳಿಗ್ಗೆ ಹೊರಟೆವು. ಎಕ್ಸೆಲ್ ಗಾಡಿಯ ಮುಂದೆ ನಾಲ್ಕು ಗಿಡ, ಹಿಂದೆ ಅಮ್ಮನ ಮಡಿಲಲ್ಲಿ ನಾಲ್ಕು. ರಸ್ತೆಯ ಎರಡೂ ಕಡೆ ಹಳೆಯ ಹುಣಸೆ ಮರಗಳು, ನಡುವೆ ಹಸಿರು ಬೆಳಕು, ಗಾಳಿಯಲ್ಲಿ ಒದ್ದೆ ಮಣ್ಣು. ಹಿಂದಿನಿಂದ ಪುಟ್ಟ ಎಲೆಗಳು ನನ್ನ ಕಿವಿಗೆ ತಾಗುತ್ತಿದ್ದವು. ಬಹಳ ದೂರ ಬಂದ ಮೇಲೆ ಕೇಳಿದೆ, ಹೆದರಿಕೆ ಆಗುತ್ತಿಲ್ಲವಾ ಅಮ್ಮ ಎಂದು.

"ಆಯ್ತೈತೆ," ಎಂದಳು. "ನೀನು ರೋಡ್ ನೋಡ್ಕಂಡು ಗಾಡಿ ಓಡ್ಸು."

ಎಂಟೂ ಗುಂಡಿಗೆ ಅವಳೇ ಇಳಿದಳು. ನನ್ನನ್ನು ನೀರು ಹಾಕಲು ಮಾತ್ರ ಬಿಟ್ಟಳು.

ನಿಮ್ಮ ಕಡೆ ಹುಣಸೆಯನ್ನು ಯಾರು ನೆಡುತ್ತಾರೆ? ಹುಣಸೆಯೇ ಆಗಬೇಕಿಲ್ಲ; ನೆಡಬಾರದು, ಬೆಳೆಯಬಾರದು ಎಂದು ಎಲ್ಲರೂ ದೂರ ಇಟ್ಟ ಒಂದು ಗಿಡವನ್ನು, ಒಳಗೊಳಗೇ ಹೆದರಿಕೊಂಡು, ನಿಮ್ಮ ಪರವಾಗಿ ಯಾರಾದರೂ ನೆಟ್ಟುಕೊಟ್ಟಿದ್ದರೆ ಕೆಳಗೆ ಬರೆಯಿರಿ. ಅವರ ಹೆಸರು ಬೇಡ. ಅವರು ಹೇಗೆ ನೆಟ್ಟರು, ಅಷ್ಟು ಹೇಳಿ. ನಾನು ಓದುತ್ತೇನೆ, ಅಮ್ಮನಿಗೂ ಓದಿ ಹೇಳುತ್ತೇನೆ.